ರೋಗಿಯ ಕಡತ: ನೋಡಿದವರಾರು?

ನಾಗಪುರದ ಕಳಮನಾ ಮಾರುಕಟ್ಟೆಯನ್ನು ಬಲ್ಲ ಕನ್ನಡಿಗರಿಗೆ ಅಲ್ಲಿಯ ವ್ಯವಹಾರದ ರೀತಿ ಅಪರಿಚಿತವಲ್ಲ. ಕಿತ್ತಳೆಯ ರಾಶಿಯಾಗಲಿ, ಮೆಣಸಿನಕಾಯಿಯ ಚೀಲವಾಗಲಿ, ಧಾನ್ಯದ ಮೂಟೆಯಾಗಲಿ ಹತ್ತು ಜನರ ಕಣ್ಣೆದುರಿನಲ್ಲಿಯೇ ತೂಗಲ್ಪಡಬೇಕು. ಹರಾಜಿನ ದರವನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು. ಅಲ್ಲಿ ಗುಟ್ಟಿಗೆ ಎಡೆಯಿದ್ದರೆ ರೈತನಿಗೆ ಮೋಸವಾದಂತೆಯೇ ಸರಿ. ಆದರೆ ಅದೇ ಮಾರುಕಟ್ಟೆಯ ಹಮಾಲನಾಗಲಿ, ಲೆಕ್ಕ ಬರೆಯುವ ಗುಮಾಸ್ತನಾಗಲಿ, ಅಡತಿ ಅಂಗಡಿಯ ಯಜಮಾನನಾಗಲಿ ಕೆಮ್ಮು ನಿಲ್ಲದೆಂದು ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೇ ನಿಯಮವು ತಲೆಕೆಳಗಾಗುತ್ತದೆ. ಅಲ್ಲಿ ಅವನ ಕಫದ ಪರೀಕ್ಷೆಯ ಫಲವನ್ನು ಯಾರೂ ಕೂಗುವಂತಿಲ್ಲ. ಅದನ್ನು ತಿಳಿಯತಕ್ಕವರು ಅವನೂ ಅವನಿಗೆ ಚಿಕಿತ್ಸೆ ಮಾಡುವವರೂ, ಕಾನೂನು ನಿಯಮಿಸಿರುವ ಆರೋಗ್ಯಾಧಿಕಾರಿಗಳೂ ಮಾತ್ರ.

ಈ ನಿಯಮವು ಮುರಿದಾಗ ಏನಾಗುತ್ತದೆ? ಹೊರಗಿನ ಕಳ್ಳನು ಮುರಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. 2022ರ ನವೆಂಬರ್ ತಿಂಗಳಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಯಂತ್ರಗಳ ಮೇಲೆ ದಾಳಿ ನಡೆದು, ಹಲವು ದಿನಗಳವರೆಗೆ ಅಲ್ಲಿಯ ಕೆಲಸವೆಲ್ಲ ಕೈಬರಹದಲ್ಲಿಯೇ ಸಾಗಬೇಕಾಯಿತು. ಅದು ದೇಶಕ್ಕೆಲ್ಲ ತಿಳಿಯಿತು. ಆದರೆ ಒಳಗಿನವರೇ, ಸಂಬಳ ಪಡೆಯುವ ನೌಕರರೇ, ಕೆಲಸಕ್ಕೆ ಸಂಬಂಧವಿಲ್ಲದ ರೋಗಿಯ ಕಡತವನ್ನು ಸುಮ್ಮನೆ ತೆರೆದು ನೋಡಿದರೆ ಬೀಗ ಒಡೆಯುವುದಿಲ್ಲ, ಸದ್ದಾಗುವುದಿಲ್ಲ; ರೋಗಿಗೆ ತನ್ನ ಮನೆ ಸೂರೆಯಾದದ್ದೇ ತಿಳಿಯುವುದಿಲ್ಲ. ಇಂತಹ ಕಳ್ಳನೋಟದ ವಿರುದ್ಧ ವಿದೇಶಗಳಲ್ಲಿ ರೋಗಿಗಳು ಒಟ್ಟಾಗಿ ಸಾಮೂಹಿಕ ದಾವೆಗಳನ್ನು ಹೂಡಿದ್ದಾರೆ. ಆ ದಾವೆಗಳಿಂದ ಹೊರಬಿದ್ದ ಪಾಠವನ್ನೂ ಭಾರತದ ರೋಗಿಗೆ ಇರುವ ದಾರಿಗಳನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಡತದೊಳಗೆ ಏನಿದೆ?

ಆಸ್ಪತ್ರೆಯ ಕಡತವೆಂದರೆ ಬರಿಯ ಔಷಧದ ಪಟ್ಟಿಯಲ್ಲ. ರೋಗಿಯ ವಯಸ್ಸು, ವಿಳಾಸ, ದೂರವಾಣಿ ಸಂಖ್ಯೆ, ವಿಮೆಯ ವಿವರ, ಕುಡಿತದ ಅಭ್ಯಾಸ, ತಂದೆತಾಯಿಗಳ ಕಾಯಿಲೆ, ಮಾನಸಿಕ ವ್ಯಾಕುಲತೆಯ ಚರಿತ್ರೆ, ಗರ್ಭಪಾತ, ಕ್ಷಯ, ಎಚ್.ಐ.ವಿ. ಪರೀಕ್ಷೆಯ ಫಲ – ಇವೆಲ್ಲವೂ ಅದರೊಳಗಿರುತ್ತವೆ. ಬ್ಯಾಂಕಿನ ಲೆಕ್ಕ ಬಯಲಾದರೆ ಖಾತೆಯನ್ನು ಮುಚ್ಚಿ ಬೇರೊಂದನ್ನು ತೆರೆಯಬಹುದು. ಕಳೆದ ಹಣವನ್ನು ಹಿಂದಿರುಗಿಸಬಹುದು. ಬಯಲಾದ ರೋಗದ ಸುದ್ದಿಯನ್ನು ಮಾತ್ರ ಯಾವ ನ್ಯಾಯಾಲಯವೂ ಜನರ ಕಿವಿಯಿಂದ ಹಿಂದಕ್ಕೆ ತೆಗೆದುಕೊಡಲಾರದು.

ಆದುದರಿಂದಲೇ ವೈದ್ಯನ ಗೋಪ್ಯತೆಯು ಅತಿ ಪ್ರಾಚೀನವಾದ ಧರ್ಮ. ಗ್ರೀಸಿನ ಹಿಪ್ಪೊಕ್ರಾಟಿಸ್‌ನ ಹೆಸರಿನ ಪ್ರತಿಜ್ಞೆಯಲ್ಲಿ ಅದು ಸೇರಿದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೂ ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಆಡಬಾರದೆಂದು ಶಿಷ್ಯನಿಗೆ ವಿಧಿಸಲಾಗಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿ ನಿಯಮಗಳು ಇದೇ ಧರ್ಮವನ್ನು ಇಂದಿನ ಮಾತಿನಲ್ಲಿ ಹೇಳುತ್ತವೆ. ಆದರೆ ಚರಕನ ಕಾಲದಲ್ಲಿ ಗುಟ್ಟನ್ನು ಬಲ್ಲವನು ವೈದ್ಯನೊಬ್ಬನೇ. ಇಂದು ನೋಂದಣಿಯ ಗುಮಾಸ್ತ, ದಾದಿ, ಪ್ರಯೋಗಾಲಯದ ತಂತ್ರಜ್ಞ, ಔಷಧಾಲಯದ ನೌಕರ, ಬಿಲ್ಲು ಬರೆಯುವವರು, ವಿಮಾ ಕಂಪನಿಯ ಪ್ರತಿನಿಧಿ, ಗಣಕಯಂತ್ರವನ್ನು ನೋಡಿಕೊಳ್ಳುವ ಗುತ್ತಿಗೆದಾರ – ಇಷ್ಟು ಜನರ ಕೈಯಲ್ಲಿ ಅದೇ ಕಡತದ ಕೀಲಿಕೈ ಇದೆ. ಇವರಲ್ಲಿ ಬಹುಮಂದಿ ಯಾವ ಪ್ರತಿಜ್ಞೆಯನ್ನೂ ಮಾಡಿದವರಲ್ಲ.

ಫಿನ್‌ಲೆಂಡಿನ ದಾದಿಯ ಮೊಕದ್ದಮೆ

ಈ ವಿಷಯದಲ್ಲಿ ಎಲ್ಲಕ್ಕಿಂತ ಬೋಧಪ್ರದವಾದ ಪ್ರಕರಣವು ಸಾಮೂಹಿಕ ದಾವೆಯಲ್ಲ. ಒಬ್ಬಂಟಿಯಾದ ಒಬ್ಬ ಮಹಿಳೆಯ ಹೋರಾಟ. ಫಿನ್‌ಲೆಂಡಿನ ಒಂದು ಸಾರ್ವಜನಿಕ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಆಕೆ 1989ರಿಂದ ದಾದಿಯಾಗಿದ್ದಳು. ಎಚ್.ಐ.ವಿ. ಸೋಂಕಿಗಾಗಿ ಅದೇ ಆಸ್ಪತ್ರೆಯ ಬೇರೊಂದು ವಿಭಾಗದಲ್ಲಿ ಅದಕ್ಕೂ ಮೊದಲಿನಿಂದ ಚಿಕಿತ್ಸೆ ಪಡೆಯುತ್ತಿದ್ದಳು. ಆ ಕಾಲದಲ್ಲಿ ರೋಗಿಗಳ ದಾಖಲೆಗಳು ಸಿಬ್ಬಂದಿಯೆಲ್ಲರಿಗೂ ತೆರೆದಿದ್ದವು. 1992ರ ಆರಂಭದಲ್ಲಿ ಸಹೋದ್ಯೋಗಿಗಳ ವರ್ತನೆಯಿಂದ ತನ್ನ ರೋಗವು ಅವರಿಗೆ ತಿಳಿದಿದೆಯೆಂಬ ಸಂಶಯ ಆಕೆಗೆ ಬಂದಿತು. 1995ರಲ್ಲಿ ಆಕೆಯ ಉದ್ಯೋಗದ ಕರಾರು ನವೀಕರಣಗೊಳ್ಳಲಿಲ್ಲ.

ಆಕೆ ಕೇಳಿದ ಪ್ರಶ್ನೆ ಒಂದೇ: ‘ನನ್ನ ಕಡತವನ್ನು ನೋಡಿದವರಾರು?’ ಆಸ್ಪತ್ರೆಯಿಂದ ಬಂದ ಉತ್ತರವೂ ಒಂದೇ: ‘ಹೇಳಲು ಸಾಧ್ಯವಿಲ್ಲ.’ ಅಲ್ಲಿಯ ವ್ಯವಸ್ಥೆಯಲ್ಲಿ ಕೊನೆಯ ಐದು ಬಾರಿಯ ವೀಕ್ಷಣೆ ಮಾತ್ರ ಉಳಿಯುತ್ತಿತ್ತು. ಅದರಲ್ಲಿಯೂ ವಿಭಾಗದ ಹೆಸರು ಇರುತ್ತಿತ್ತೇ ಹೊರತು ವ್ಯಕ್ತಿಯ ಹೆಸರು ಇರುತ್ತಿರಲಿಲ್ಲ. ಕಡತವು ದಾಖಲೆ ಕೋಣೆಗೆ ಮರಳಿದ ಮೇಲೆ ಅದೂ ಅಳಿಸಿಹೋಗುತ್ತಿತ್ತು. ಯಾರು ನೋಡಿದರೆಂದು ರುಜುವಾತುಪಡಿಸಲಾರದ ಕಾರಣ ಸ್ವದೇಶದ ನ್ಯಾಯಾಲಯಗಳಲ್ಲಿ ಆಕೆಗೆ ಸೋಲಾಯಿತು.

ಕೊನೆಗೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2008ರ ಜುಲೈ 17ರಂದು ಆಕೆಯ ಪರವಾಗಿ ತೀರ್ಪಿತ್ತಿತು. ನೋಡಿದವರ ದಾಖಲೆಯನ್ನು ಇಡಬೇಕಾದವರು ಇಡದೆ, ಅದನ್ನು ತರಲಿಲ್ಲವೆಂದು ರೋಗಿಯನ್ನೇ ಸೋಲಿಸುವುದು ನ್ಯಾಯವಲ್ಲ. ಅನಧಿಕೃತ ವೀಕ್ಷಣೆ ನಡೆಯದಂತೆ ಮೊದಲೇ ತಡೆಯುವ ವ್ಯವಸ್ಥೆಯನ್ನು ಒದಗಿಸುವುದು ರಾಜ್ಯದ ಕರ್ತವ್ಯ – ಇದು ಆ ತೀರ್ಪಿನ ತಾತ್ಪರ್ಯ. ಫಿನ್‌ಲೆಂಡ್ ಸರಕಾರವು ಆಕೆಗೆ ಪರಿಹಾರವನ್ನೂ ಮೊಕದ್ದಮೆಯ ವೆಚ್ಚವನ್ನೂ ಕೊಡಬೇಕಾಯಿತು.

ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಭದ್ರಪೆಟ್ಟಿಗೆಯ ಕೋಣೆಗೆ ಹೋಗುವ ಗ್ರಾಹಕನು ಪುಸ್ತಕದಲ್ಲಿ ಸಹಿಮಾಡಿ, ವೇಳೆಯನ್ನು ಬರೆದು ಒಳಗೆ ಹೋಗುತ್ತಾನೆ. ನಗದಿನ ತಿಜೋರಿಗೆ ಇಬ್ಬರ ಕೀಲಿಕೈ ಬೇಕು. ಲೆಡ್ಜರಿನ ಪ್ರತಿಯೊಂದು ನಮೂದಿಗೂ ಬರೆದವನ ಮತ್ತು ತಾಳೆ ನೋಡಿದವನ ಸಹಿ ಇರುತ್ತದೆ. ಇದರ ಕಾರಣ ನೌಕರರೆಲ್ಲ ಕಳ್ಳರೆಂಬುದಲ್ಲ. ಒಬ್ಬನು ತಪ್ಪು ಮಾಡಿದಾಗ ಉಳಿದ ಪ್ರಾಮಾಣಿಕರ ಮೇಲೆ ಸಂಶಯ ಬಾರದಿರಲೆಂಬುದೇ. ಆಸ್ಪತ್ರೆಯ ಗಣಕಯಂತ್ರದಲ್ಲಿ ಇಂತಹ ಸಹಿಪುಸ್ತಕಕ್ಕೆ ‘ಲಾಗ್’ ಎಂದು ಹೆಸರು. ಯಾವ ನೌಕರನು, ಯಾವ ದಿನ, ಎಷ್ಟು ಗಂಟೆಗೆ, ಯಾವ ರೋಗಿಯ ಕಡತವನ್ನು ತೆರೆದನೆಂಬುದು ಅದರಲ್ಲಿ ತಾನಾಗಿಯೇ ದಾಖಲಾಗುತ್ತದೆ. ಇದಕ್ಕೆ ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಗುಪ್ತಪದವಿರಬೇಕು. ಒಂದೇ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ ಪಾಳಿಯವರೆಲ್ಲರೂ ಬಳಸುವಲ್ಲಿ ಲಾಗ್ ಇದ್ದೂ ಇಲ್ಲದಂತೆಯೇ.

ಸಾಮೂಹಿಕ ದಾವೆಯ ಸ್ವರೂಪ

ಒಬ್ಬ ರೋಗಿಗಾದ ನೋವನ್ನು ರೂಪಾಯಿಯಲ್ಲಿ ಅಳೆಯುವುದು ಕಷ್ಟ. ಅಳೆದರೂ ಆ ಮೊತ್ತವು ವಕೀಲರ ಶುಲ್ಕಕ್ಕೆ ಸಾಲದಿರಬಹುದು. ಆದುದರಿಂದ ಒಬ್ಬೊಬ್ಬರಾಗಿ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ. ತಪ್ಪು ಮಾಡಿದ ಸಂಸ್ಥೆಯು ನಿಶ್ಚಿಂತವಾಗಿರುತ್ತದೆ. ಒಂದೇ ಬಗೆಯ ಅನ್ಯಾಯಕ್ಕೆ ಒಳಗಾದ ನೂರಾರು ಜನರ ಪರವಾಗಿ ಒಬ್ಬರು ಅಥವಾ ಕೆಲವರು ಹೂಡುವ ಮೊಕದ್ದಮೆಯೇ ಸಾಮೂಹಿಕ ದಾವೆ. ಇದಕ್ಕೆ ಮೊದಲು ನ್ಯಾಯಾಲಯದ ಅನುಮತಿ ಬೇಕು. ಎಲ್ಲರ ದೂರಿನ ತಿರುಳು ಒಂದೇ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು.

ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಈ ದಾವೆಗಳಿಗೆ ದಾರಿ ತೆರೆದದ್ದು, ವಿಚಿತ್ರವೆನಿಸಿದರೂ, ಒಂದು ಬ್ಯಾಂಕಿನ ಪ್ರಕರಣ. ಬ್ಯಾಂಕಿನ ನೌಕರಳೊಬ್ಬಳು ಅದೇ ಬ್ಯಾಂಕಿನ ಇನ್ನೊಂದು ಶಾಖೆಯ ನೌಕರಳ ಖಾತೆಯನ್ನು ನಾಲ್ಕು ವರ್ಷಗಳಲ್ಲಿ ಕನಿಷ್ಠ 174 ಬಾರಿ ತೆರೆದು ನೋಡಿದ್ದಳು. ಹಣ ತೆಗೆಯಲಿಲ್ಲ, ವಿವರವನ್ನು ಯಾರಿಗೂ ಹಂಚಲಿಲ್ಲ, ಸುಮ್ಮನೆ ನೋಡಿದಳು. 2012ರಲ್ಲಿ ಆ ಪ್ರಾಂತದ ಮೇಲ್ಮನವಿ ನ್ಯಾಯಾಲಯವು ಇತರರ ಏಕಾಂತದೊಳಗೆ ಬೇಕೆಂದೇ ನುಗ್ಗುವುದು ತಾನಾಗಿಯೇ ಒಂದು ತಪ್ಪು, ಹಣದ ನಷ್ಟವನ್ನು ತೋರಿಸಬೇಕಾಗಿಲ್ಲ ಎಂದು ಸಾರಿ 10,000 ಡಾಲರ್ ಪರಿಹಾರ ವಿಧಿಸಿತು; ಇಂತಹ ಪ್ರಕರಣಗಳಿಗೆ 20,000 ಡಾಲರ್ ಗರಿಷ್ಠ ಮಿತಿಯನ್ನೂ ಸೂಚಿಸಿತು. ಆ 174 ಎಂಬ ಸಂಖ್ಯೆ ತಿಳಿದುಬಂದದ್ದು ಬ್ಯಾಂಕಿನಲ್ಲಿ ವೀಕ್ಷಣೆಯ ದಾಖಲೆ ಇದ್ದುದರಿಂದ ಎಂಬುದನ್ನು ಗಮನಿಸಬೇಕು.

ಅದೇ ಪ್ರಾಂತದ ಪೀಟರ್‌ಬರೊ ನಗರದ ಆಸ್ಪತ್ರೆಯಲ್ಲಿ ಸುಮಾರು 280 ರೋಗಿಗಳ ಕಡತಗಳನ್ನು ನೌಕರರು ಅಕ್ರಮವಾಗಿ ನೋಡಿದರೆಂಬ ಆರೋಪದ ಮೇಲೆ ಸಾಮೂಹಿಕ ದಾವೆ ಬಂದಿತು. ಹಿಂಸೆ ಕೊಡುತ್ತಿದ್ದ ಗಂಡನನ್ನು ಬಿಟ್ಟುಬಂದಿದ್ದ ಮಹಿಳೆಯೊಬ್ಬಳು, ತನ್ನ ನೆಲೆಯನ್ನು ಪತ್ತೆಹಚ್ಚಲು ಅವನೇ ಯಾರಿಗೋ ಹಣಕೊಟ್ಟು ಕಡತ ತೆಗೆಸಿರಬಹುದೆಂದು ಭಯಪಟ್ಟಿದ್ದಳು. ಆರೋಗ್ಯದ ದಾಖಲೆಗಳಿಗೆ ಪ್ರತ್ಯೇಕ ಕಾನೂನೂ ಪ್ರತ್ಯೇಕ ಅಧಿಕಾರಿಯೂ ಇರುವುದರಿಂದ ರೋಗಿಗಳು ನ್ಯಾಯಾಲಯಕ್ಕೆ ಬರುವಂತಿಲ್ಲವೆಂದು ಆಸ್ಪತ್ರೆಯವರು ವಾದಿಸಿದರು. 2015ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿ, ದಾವೆ ಮುಂದುವರಿಯಬಹುದೆಂದು ತೀರ್ಮಾನಿಸಿತು.

ಆದರೆ ಎಲ್ಲ ದಾವೆಗಳೂ ಗೆಲ್ಲುವುದಿಲ್ಲ. ಟೊರಾಂಟೊ ಪ್ರದೇಶದ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರ ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಒಳಗಿನ ನೌಕರರು ಮಕ್ಕಳ ವಿದ್ಯಾಭ್ಯಾಸದ ಉಳಿತಾಯ ಯೋಜನೆ ಮಾರುವವರಿಗೆ ಕೊಟ್ಟಿದ್ದರು. ನೌಕರರ ಮೇಲೆ ಕ್ರಮವಾಯಿತು. ಆದರೆ ತಾಯಂದಿರ ಸಾಮೂಹಿಕ ದಾವೆಗೆ 2018ರಲ್ಲಿ ನ್ಯಾಯಾಧೀಶರು ಅನುಮತಿಯನ್ನು ನಿರಾಕರಿಸಿದರು. ಹೆಸರು, ದೂರವಾಣಿ ಸಂಖ್ಯೆಗಳು ರೋಗದ ವಿವರದಷ್ಟು ಆಂತರಿಕವಾದವಲ್ಲ ಎಂಬುದು ಅವರ ಮುಖ್ಯ ಕಾರಣಗಳಲ್ಲೊಂದು.

ಅಮೆರಿಕದ ಅನುಭವವೂ ಇದೇ ಪಾಠವನ್ನು ಬೇರೆ ದಿಕ್ಕಿನಿಂದ ಹೇಳುತ್ತದೆ. ಅಲ್ಲಿಯ 1996ರ ಕೇಂದ್ರ ಕಾನೂನಿನಲ್ಲಿ ಶಿಕ್ಷೆಯುಂಟು. ರೋಗಿಯು ತಾನೇ ಪರಿಹಾರ ಕೇಳುವ ಹಕ್ಕಿಲ್ಲ. ಕಡತಗಳನ್ನು ಕುತೂಹಲದಿಂದ ತೆರೆದು ನೋಡಿದ್ದಕ್ಕಾಗಿ ಲಾಸ್ ಏಂಜಲಿಸ್‌ನ ಒಂದು ಆಸ್ಪತ್ರೆಯ ಮಾಜಿ ನೌಕರನಿಗೆ 2010ರಲ್ಲಿ ನಾಲ್ಕು ತಿಂಗಳ ಸೆರೆವಾಸವಾಯಿತು. ಪರಿಹಾರಕ್ಕಾಗಿ ಜನರು ರಾಜ್ಯದ ಕಾನೂನುಗಳನ್ನೇ ಆಶ್ರಯಿಸಬೇಕು. ಕ್ಯಾಲಿಫೋರ್ನಿಯಾದ ಕಾನೂನು ನಷ್ಟವನ್ನು ತೋರಿಸದಿದ್ದರೂ ರೋಗಿಯೊಬ್ಬರಿಗೆ 1,000 ಡಾಲರ್ ಎಂದು ನಿಗದಿಪಡಿಸಿದೆ. ಅಲ್ಲಿ 16,000ಕ್ಕೂ ಹೆಚ್ಚು ರೋಗಿಗಳ ಮಾಹಿತಿ ತುಂಬಿದ್ದ ಒಂದು ಸಾಧನವು ವೈದ್ಯರೊಬ್ಬರ ಮನೆಯಿಂದ, ಅದರ ಗುಪ್ತಪದ ಬರೆದಿದ್ದ ಚೀಟಿಯ ಸಮೇತ, ಕಾಣೆಯಾಯಿತು. ದಾವೆ ನಡೆಯಿತು. 2013ರಲ್ಲಿ ಮೇಲಿನ ನ್ಯಾಯಾಲಯವು, ಅನಧಿಕೃತ ವ್ಯಕ್ತಿಯೊಬ್ಬನು ಆ ಮಾಹಿತಿಯನ್ನು ನಿಜವಾಗಿ ನೋಡಿದನೆಂದು ತೋರಿಸದ ಹೊರತು ಪರಿಹಾರವಿಲ್ಲವೆಂದು ಹೇಳಿತು. ಒಂದೆಡೆ 174 ನೋಟಗಳ ಲೆಕ್ಕವಿತ್ತು, ಒಬ್ಬಳಿಗೆ ನ್ಯಾಯ ದೊರೆಯಿತು. ಇನ್ನೊಂದೆಡೆ 16,000 ಜನರಿದ್ದರೂ ನೋಟದ ಸಾಕ್ಷ್ಯವಿಲ್ಲ, ದಾವೆ ಬಿದ್ದುಹೋಯಿತು.

ಭಾರತದಲ್ಲಿ ಈ ಹಕ್ಕು ಬೆಳೆದ ಬಗೆ

ಭಾರತದಲ್ಲಿ ಮೊದಲ ಪ್ರಸಿದ್ಧ ಪ್ರಕರಣವು ರೋಗಿಗೆ ಅನುಕೂಲವಾಗಲಿಲ್ಲ. 1995ರಲ್ಲಿ ನಾಗಾಲ್ಯಾಂಡಿನ ಸರಕಾರಿ ವೈದ್ಯರೊಬ್ಬರು ಮದರಾಸಿನ ಆಸ್ಪತ್ರೆಯೊಂದರಲ್ಲಿ ರಕ್ತದಾನಕ್ಕೆ ಮುಂದಾದಾಗ ಅವರಿಗೆ ಎಚ್.ಐ.ವಿ. ಸೋಂಕಿರುವುದು ಕಂಡುಬಂದಿತು. ಸುದ್ದಿಯು ಆಸ್ಪತ್ರೆಯಿಂದ ಹೊರಬಿದ್ದು, ಗೊತ್ತಾಗಿದ್ದ ಮದುವೆ ಮುರಿಯಿತು. ಸಮಾಜವು ಅವರನ್ನು ದೂರವಿಟ್ಟಿತು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯಕೀಯ ಗೋಪ್ಯತೆಯನ್ನು ಒಪ್ಪಿದರೂ, ವಧುವಿನ ಪ್ರಾಣರಕ್ಷಣೆಯ ಹಕ್ಕು ಅದಕ್ಕಿಂತ ಮೇಲೆಂದು ಹೇಳಿ ಪರಿಹಾರವನ್ನು ನಿರಾಕರಿಸಿತು. ಆ ತೀರ್ಪಿನಲ್ಲಿ ಸೋಂಕಿತರ ವಿವಾಹದ ಹಕ್ಕಿನ ಬಗ್ಗೆ ಬಂದಿದ್ದ ಮಾತುಗಳು ಅನಾವಶ್ಯಕವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯವು ತಿದ್ದಿತು.

ಚಿತ್ರವು ಬದಲಾದದ್ದು 2017ರಲ್ಲಿ. ಬದಲಿಸಿದವರು ಒಬ್ಬ ಕನ್ನಡಿಗರು ಎಂಬುದು ಹೊರನಾಡಿನ ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅದರಿಂದ ಹುಟ್ಟಿದ ಪ್ರಶ್ನೆಯನ್ನು ವಿಚಾರಿಸಿದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಆಸ್ಪತ್ರೆಗೆ ಒಪ್ಪಿಸಿದ ವೈದ್ಯಕೀಯ ದಾಖಲೆಗಳನ್ನು ಅನುಮತಿಯಿಲ್ಲದೆ ಇತರರಿಗೆ ಕೊಡುವುದು ಈ ಹಕ್ಕಿನ ಉಲ್ಲಂಘನೆ ಎಂಬ ಮಾತೂ, ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ ಸರಕಾರವು ಹೆಸರುಗಳನ್ನು ಬಿಟ್ಟು ಅಂಕಿ ಅಂಶಗಳನ್ನು ಬಳಸಬಹುದೆಂಬ ಮಾತೂ ಆ ತೀರ್ಪಿನೊಳಗಿವೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು.

ಹಕ್ಕು ಬಂದ ಮಾತ್ರಕ್ಕೆ ಅಭ್ಯಾಸ ಬದಲಾಗುವುದಿಲ್ಲ. 2020ರ ಆರಂಭದಲ್ಲಿ ಜರ್ಮನಿಯ ಒಂದು ಭದ್ರತಾ ಸಂಸ್ಥೆಯು, ಭಾರತೀಯ ರೋಗಿಗಳ ಸ್ಕ್ಯಾನ್ ಮತ್ತು ಕ್ಷಕಿರಣ ಚಿತ್ರಗಳು ಲಕ್ಷಗಟ್ಟಲೆ ಪ್ರಮಾಣದಲ್ಲಿ ಗುಪ್ತಪದದ ರಕ್ಷಣೆಯೂ ಇಲ್ಲದೆ ಅಂತರ್ಜಾಲದಲ್ಲಿ ತೆರೆದಿರುವುದನ್ನು ವರದಿಮಾಡಿತು. ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ ಮೊದಲನೆಯದು, ಕರ್ನಾಟಕ ಎರಡನೆಯದು: ಹುಟ್ಟಿದ ನಾಡೂ ಅನ್ನ ಕೊಟ್ಟ ನಾಡೂ ಎರಡೂ. ಅದೇ ವರ್ಷದ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದವರ ಮನೆವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತ್ತು.

ಇಂದಿನ ಕಾನೂನಿನ ದಾರಿಗಳು

ಮೊದಲನೆಯದಾಗಿ, ವಿಶೇಷ ರೋಗಗಳಿಗೆ ವಿಶೇಷ ರಕ್ಷಣೆಯಿದೆ. ಎಚ್.ಐ.ವಿ. ಕುರಿತ 2017ರ ಅಧಿನಿಯಮವು 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು, ಸೋಂಕಿತರ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿತು. ಮಾನಸಿಕ ಆರೋಗ್ಯ ಅಧಿನಿಯಮ, 2017 ಮಾನಸಿಕ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ಬಂದ ತಿದ್ದುಪಡಿಯು ಸ್ತ್ರೀಯ ಹೆಸರನ್ನು ಬಯಲುಮಾಡುವುದನ್ನು ಶಿಕ್ಷಾರ್ಹವನ್ನಾಗಿಸಿತು.

ಎರಡನೆಯದಾಗಿ, ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕೆಳಗೆ ಬಂದ 2011ರ ನಿಯಮಗಳು ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ಮಾಹಿತಿಯ ವರ್ಗಕ್ಕೆ ಸೇರಿಸಿದವು. ಅಂತಹ ಮಾಹಿತಿಯ ರಕ್ಷಣೆಯಲ್ಲಿ ಅಲಕ್ಷ್ಯ ತೋರಿದ ಕಂಪನಿಯು ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಡಬೇಕೆಂದು ಆ ಅಧಿನಿಯಮದ 43ಎ ಪ್ರಕರಣವು ಹೇಳಿತು.

ಮೂರನೆಯದಾಗಿ, ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಕರ್ತವ್ಯಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ, ಎಂದರೆ 2027ರ ಮೇ ತಿಂಗಳವರೆಗಿನ, ಕಾಲಾವಕಾಶವನ್ನು ನೀಡಲಾಯಿತು. ಮಾಹಿತಿಯನ್ನು ಯಾರು ನೋಡಿದರೆಂಬ ಲಾಗ್ ಇಡಬೇಕು, ಅದನ್ನು ಒಂದು ವರ್ಷ ಕಾಪಾಡಬೇಕು, ಸೋರಿಕೆಯಾದರೆ ಮಂಡಳಿಗೂ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕು ಎಂಬ ಅಂಶಗಳು ಇದರಲ್ಲಿವೆ. ರಕ್ಷಣೆಯಲ್ಲಿ ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ಇಲ್ಲಿ ಎಚ್ಚರಿಕೆಯಿಂದ ಓದಬೇಕಾದ ಅಂಶಗಳಿವೆ. ಆ ದಂಡವು ಸರಕಾರದ ಬೊಕ್ಕಸಕ್ಕೆ ಹೋಗುತ್ತದೆ. ರೋಗಿಗೆ ಅದರಲ್ಲಿ ಪಾಲಿಲ್ಲ. ಮಂಡಳಿಯ ಅಧಿಕಾರಕ್ಕೆ ಒಳಪಟ್ಟ ವಿಷಯಗಳನ್ನು ಸಿವಿಲ್ ನ್ಯಾಯಾಲಯಗಳು ವಿಚಾರಿಸುವಂತಿಲ್ಲ. ಮೇಲೆ ಹೇಳಿದ 43ಎ ಪ್ರಕರಣವನ್ನು ರದ್ದುಪಡಿಸುವ ವಿಧಿಯೂ ಇದೇ ಅಧಿನಿಯಮದಲ್ಲಿದೆ. ಕೇವಲ ಕಾಗದದಲ್ಲಿರುವ ಕಡತಗಳಿಗಂತೂ ಇದು ಅನ್ವಯಿಸುವುದೇ ಇಲ್ಲ.

ಹೀಗಿರುವಾಗ ಪರಿಹಾರಕ್ಕಾಗಿ ಮುಖ್ಯವಾಗಿ ಉಳಿಯುವುದು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019. ಹಣ ಪಡೆದು ಚಿಕಿತ್ಸೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿಗೆ ಒಳಪಡುತ್ತವೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಮಾನಿಸಿದೆ. ಗ್ರಾಹಕನು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ಹೊರಗೆಡಹುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಅಧಿನಿಯಮವು ಸ್ಪಷ್ಟವಾಗಿ ಹೇಳುತ್ತದೆ. ಅದರ 35ನೆಯ ಪ್ರಕರಣದ ಪ್ರಕಾರ, ಒಂದೇ ಹಿತಾಸಕ್ತಿಯುಳ್ಳ ಅನೇಕ ಗ್ರಾಹಕರ ಪರವಾಗಿ ಒಬ್ಬರು ಅಥವಾ ಹಲವರು ಆಯೋಗದ ಅನುಮತಿ ಪಡೆದು ದೂರು ಕೊಡಬಹುದು. ಸಾಮೂಹಿಕ ದಾವೆಗೆ ಭಾರತದಲ್ಲಿರುವ ಸಮೀಪದ ರೂಪ ಇದೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಾತಿನಿಧಿಕ ದಾವೆಯ ನಿಯಮವು ಇದರ ಹಿರಿಯಣ್ಣನೆನ್ನಬಹುದು.

ಈ ‘ಒಂದೇ ಹಿತಾಸಕ್ತಿ’ ಎಂಬುದರ ಅರ್ಥವನ್ನು ತಿಳಿಯಲು ಬೆಂಗಳೂರಿನ ಒಂದು ಪ್ರಕರಣವೇ ಸಾಕು. ಒಂದು ವಸತಿಸಮುಚ್ಚಯದಲ್ಲಿ 51 ಮನೆಗಳನ್ನು ಕೊಂಡ 91 ಜನರು ಮನೆ ತಡವಾಗಿ ದೊರೆತುದಕ್ಕಾಗಿ ಎಲ್ಲ ಕೊಳ್ಳುಗರ ಪರವಾಗಿ ದೂರು ಕೊಟ್ಟಿದ್ದರು. 2021ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಲ್ಲರ ಹಿತಾಸಕ್ತಿ ಒಂದೇ ಎಂಬುದಕ್ಕೆ ದೂರಿನಲ್ಲಿ ಸಾಕಷ್ಟು ವಿವರವಿಲ್ಲವಾದ್ದರಿಂದ ಅದು ಎಲ್ಲರ ಪರವಾದ ದೂರಾಗಲಾರದು. ಆದರೆ ಆ 91 ಜನರ ಜಂಟಿ ದೂರಾಗಿ ನಿಲ್ಲಬಹುದು ಎಂದಿತು. ರೋಗಿಗಳಿಗೂ ಇದೇ ಪಾಠ ಸಲ್ಲುತ್ತದೆ. ಒಂದೇ ಪ್ರಯೋಗಾಲಯ, ಒಂದೇ ಅವಧಿ, ಒಂದೇ ಬಗೆಯ ಅನಧಿಕೃತ ವೀಕ್ಷಣೆ ಎಂಬುದನ್ನು ದೂರಿನಲ್ಲಿಯೇ ಬಿಡಿಸಿ ಬರೆಯಬೇಕು.

ರೋಗಿಯು ಮಾಡಬಹುದಾದ ಕಾರ್ಯಗಳು

1. ಸಂಶಯ ಬಂದೊಡನೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು, ತನ್ನ ಕಡತವನ್ನು ಯಾವ ದಿನ ಯಾರು ತೆರೆದರೆಂಬ ಲಾಗನ್ನು ಕಾಪಾಡಿ ಇಡಬೇಕೆಂದೂ ಅದರ ವಿವರವನ್ನು ತಿಳಿಸಬೇಕೆಂದೂ ಕೇಳಬೇಕು. ಸ್ವೀಕೃತಿಯ ಮುದ್ರೆ ಪಡೆಯಬೇಕು. ಗ್ರಾಹಕ ದೂರಿಗೆ ಎರಡು ವರ್ಷಗಳ ಅವಧಿಯಿದೆ. ಆದರೆ ಹೊಸ ನಿಯಮಗಳಲ್ಲಿ ಲಾಗಿನ ಆಯುಷ್ಯ ಒಂದೇ ವರ್ಷ. ಆದುದರಿಂದ ಕಾಯುತ್ತ ಕುಳಿತವನಿಗೆ ಅವಧಿ ಉಳಿದಿರುತ್ತದೆ, ಸಾಕ್ಷ್ಯ ಉಳಿದಿರುವುದಿಲ್ಲ.

2. ತನ್ನ ಕಡತದ ಪ್ರತಿಯನ್ನು ಪಡೆದಿಡಬೇಕು. 2002ರ ನಿಯಮಗಳಂತೆ ರೋಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕು.

3. ಊರಿನಲ್ಲಿ ಚಿಕಿತ್ಸೆ ಪಡೆದು ನಾಗಪುರದಲ್ಲಿ ನೆಲೆಸಿರುವವರು ದೂರಿಗಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಓಡಾಡಬೇಕಾಗಿಲ್ಲ. 2019ರ ಅಧಿನಿಯಮದಂತೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು.

4. ಭರ್ತಿಯಾಗುವಾಗ ಮುಂದಿಡುವ ಒಪ್ಪಿಗೆಯ ಕಾಗದವನ್ನು ಓದಿ ಸಹಿಮಾಡಬೇಕು. ಮರಾಠಿ ಅಥವಾ ಇಂಗ್ಲಿಷ್ ಬಾರದ ಹಿರಿಯರಿಗೆ ಮನೆಯವರು ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು.

5. ಪರೀಕ್ಷೆಯ ವರದಿಯನ್ನು ನೆರೆಯವರ ಅಥವಾ ಅಂಗಡಿಯ ದೂರವಾಣಿಗೆ ಕಳುಹಿಸುವಂತೆ ಹೇಳಬಾರದು.

ಕಾಳಜಿಯ ಹೆಸರಿನ ಕಳ್ಳನೋಟ

ಕೊನೆಯದಾಗಿ, ಕಾನೂನಿಗೆ ಸುಲಭವಾಗಿ ಸಿಕ್ಕದ ಒಂದು ಸಂಗತಿ. ಪರಊರಿನಲ್ಲಿ ನೆಲೆಸಿದ ಸಮಾಜವು ಚಿಕ್ಕದು. ಅದರ ಮಮತೆ ದೊಡ್ಡದು. ಯಾರಾದರೂ ಆಸ್ಪತ್ರೆ ಸೇರಿದರೆ ಹತ್ತು ಮನೆಗಳಿಂದ ಊಟದ ಡಬ್ಬಿ ಹೋಗುತ್ತದೆ, ರಾತ್ರಿ ಕಾವಲಿಗೆ ಜನ ನಿಲ್ಲುತ್ತಾರೆ. ಅದೇ ಮಮತೆಯಲ್ಲಿ ಹಿರಿಯರೊಬ್ಬರು ಆಸ್ಪತ್ರೆಯಲ್ಲಿ ಕೆಲಸದಲ್ಲಿರುವ ಸಮಾಜದ ಹುಡುಗನಿಗೆ ದೂರವಾಣಿ ಮಾಡುತ್ತಾರೆ: ‘ತಮ್ಮಾ, ನೀನು ಅಲ್ಲೇ ಇದ್ದೀಯಲ್ಲ, ಅವರಿಗೆ ಏನಾಗಿದೆ ಸ್ವಲ್ಪ ನೋಡಿ ಹೇಳಪ್ಪಾ.’ ಹುಡುಗನು ಹಿರಿಯರ ಮಾತು ಮೀರಲಾರದೆ ಕಡತ ತೆರೆಯುತ್ತಾನೆ. ಸಂಜೆಯೊಳಗೆ ಸುದ್ದಿಯು ಕಳಮನಾದಿಂದ ಗದಗಿಗೆ ಮುಟ್ಟಿರುತ್ತದೆ. ಆ ಮನೆಯ ಮಗಳಿಗೆ ಬಂದಿದ್ದ ಸಂಬಂಧವು ಏಕೆ ಹಿಂದೆ ಸರಿಯಿತೆಂಬುದು ತಂದೆತಾಯಿಗಳಿಗೆ ತಿಳಿಯುವುದೇ ಇಲ್ಲ.

ಇಲ್ಲಿ ದ್ವೇಷವಿಲ್ಲ, ಲಂಚವಿಲ್ಲ. ಆದರೂ ಹಾನಿ ಅಷ್ಟೇ ಆಗಿದೆ. ಆ ಹುಡುಗನ ಹೆಸರು, ದಿನ, ವೇಳೆಗಳ ಸಮೇತ ಲಾಗಿನಲ್ಲಿ ಕುಳಿತಿದೆ. ವಿಚಾರಣೆ ನಡೆದರೆ ಕೆಲಸ ಕಳೆದುಕೊಳ್ಳುವವನು ಅವನು, ಕೇಳಿದ ಹಿರಿಯರಲ್ಲ. ಆದುದರಿಂದ ಅವನು ‘ಕಾಕಾ, ಅದು ನನ್ನಿಂದ ಆಗದು, ಅವರ ಮನೆಯವರನ್ನೇ ಕೇಳಿರಿ’ ಎಂದರೆ ಅದನ್ನು ಉದ್ಧಟತನವೆಂದು ತಿಳಿಯಬಾರದು, ಅವನು ರೋಗಿಯ ಮಾನವನ್ನೂ ತನ್ನ ಅನ್ನವನ್ನೂ ಒಟ್ಟಿಗೆ ಕಾಯ್ದಿದ್ದಾನೆ. ಇನ್ನೂ ಒಳ್ಳೆಯದೆಂದರೆ ಹಾಗೆ ಕೇಳದಿರುವುದೇ. ರೋಗಿಯನ್ನು ನೋಡಲು ಹೋದವರು ‘ಹೇಗಿದ್ದೀರಿ?’ ಎಂದು ಕೇಳಿ, ಅವರು ಹೇಳಿದಷ್ಟನ್ನು ಕೇಳಿ, ಹೇಳದೆ ಬಿಟ್ಟುದನ್ನು ಅಲ್ಲಿಯೇ ಬಿಟ್ಟು ಬರುವುದು ಸೌಜನ್ಯ.

ಕಾನೂನುಗಳು ದಿನದಿಂದ ದಿನಕ್ಕೆ ಬಲವಾಗುತ್ತಿವೆ. ದಾವೆಗಳಿಗೆ ದಾರಿಗಳು, ಇಕ್ಕಟ್ಟಾಗಿದ್ದರೂ, ಇವೆ. ಆದರೆ ಯಾವ ದಾವೆಯೂ ಹಾನಿಯಾದ ಮೇಲಿನ ಮಾತು. ಅದಕ್ಕೆ ಮೊದಲು ನಿಲ್ಲಬೇಕಾದವು ಎರಡು: ಆಸ್ಪತ್ರೆಯಲ್ಲಿ ನೋಡಿದವರ ಹೆಸರು ಬರೆಯುವ ಪುಸ್ತಕ, ಸಮಾಜದಲ್ಲಿ ನೋಡಬಾರದ್ದನ್ನು ನೋಡೆನೆಂಬ ಸಂಯಮ. ಕಳಮನಾದ ತಕ್ಕಡಿಯು ಎಲ್ಲರಿಗೂ ಕಾಣುವಂತೆ ತೂಗಲಿ. ರೋಗಿಯ ಕಡತವು ಮಾತ್ರ ಚಿಕಿತ್ಸೆಗೆ ಬೇಕಾದವರ ಕಣ್ಣಿಗಷ್ಟೇ ತೆರೆಯಲಿ.